ಕನ್ನಡಕದ ಡಬ್ಬಿ

ಬೆಳಗಿನಿಂದ ಅತ್ತೆ ಒಂದು ಬಾರಿಯೂ ಬೈದಿರಲಿಲ್ಲ! ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು, ಗಾಳಿಗೆ ಬಾಗಿಲು ಧಡಾರನೆ ಬಡಿದಿತ್ತು... ಆದರೂ ಅತ್ತೆಯ ಕೋಣೆಯಿಂದ ಚಕಾರವಿಲ್ಲ. ಸೊಸೆ ಗಾಬರಿಯಿಂದ ಒಳಗೆ ಹೋದಳು.

ಅವಳು ಬೀದಿಯ ಕೊನೆಯ ಆರೋಗ್ಯ ಕೇಂದ್ರದ ದಾದಿ. ಸಾಂಕ್ರಾಮಿಕ ಮತ್ತೆ ಹಬ್ಬಿದಾಗಿನಿಂದ, ಸೋಂಕು ತಗುಲಿದವರ ಮನೆಬಾಗಿಲಿಗೆ ವೈರಸ್ ತಡೆಯುವ ಮಾತ್ರೆ ಮುಟ್ಟಿಸುವುದೇ ಅವಳ ಕೆಲಸ. “ಊರ ಕಾಯಿಲೆನೆಲ್ಲ ಸೆರಗಲ್ಲಿ ಕಟ್ಕೊಂಡು ಬರ್ತಾಳೆ” ಎಂದು ಅತ್ತೆ ಮೂರು ಹೊತ್ತೂ ಚುಚ್ಚುತ್ತಿದ್ದರು. ಕೊನೆಗೆ ಸೋಂಕು ತಗುಲಿದ್ದು ಅತ್ತೆಗೇ. ವೈದ್ಯರು ನೋಡಿ ಬರೆದುಕೊಟ್ಟ ಮಾತ್ರೆಯನ್ನು ನಿನ್ನೆ ಸೊಸೆಯೇ ತಂದು ಕೈಗಿಟ್ಟಿದ್ದಳು. ಜ್ವರದ ಮೊದಲ ದಿನಗಳಲ್ಲೇ ಶುರು ಮಾಡಬೇಕು, ತಡವಾದರೆ ಫಲವಿಲ್ಲ. “ನುಂಗಿದೆ ಕಣೇ, ಕಾವಲು ನಿಲ್ಬೇಡ” ಎಂದಿದ್ದರು ಅತ್ತೆ.

ಈಗ ದಿಂಬು ಸರಿಪಡಿಸುವಾಗ ಕನ್ನಡಕದ ಡಬ್ಬಿ ಉರುಳಿ ಬಿತ್ತು. ಒಳಗೆ ಮಾತ್ರೆಗಳು... ಒಂದೂ ಕಡಿಮೆಯಾಗಿರಲಿಲ್ಲ!

“ಅತ್ತೆ! ನಾನು ಕೊಟ್ಟಿದ್ದು ನಿಮಗೆ ವಿಷಾನಾ? ಊರವರೆಲ್ಲ ನನ್ನ ನಂಬ್ತಾರೆ, ನೀವೊಬ್ರು ನಂಬಲ್ಲ!” ಅವಳು ಡಬ್ಬಿಯನ್ನು ಅತ್ತೆಯ ಮುಂದೆ ಹಿಡಿದಳು.

“ಸುಮ್ನಿರೇ...” ಅತ್ತೆಯ ದನಿ ಸೋತಿತ್ತು. “ಹೋದ ಸಲ ನಿಮ್ಮ ಮಾವನಿಗೋಸ್ಕರ ಅಲೆಯದ ಅಂಗಡಿ ಇತ್ತಾ? ಮಾತ್ರೆ ಉಳ್ಳೋರಿಗೆ ಸಿಕ್ತು, ನಮಗೆ ಸಿಗಲಿಲ್ಲ, ಅವರು ಹೋಗೇಬಿಟ್ರು. ನಾನೋ ಹಣ್ಣೆಲೆ. ನೀನು ದಿನಾ ರೋಗದ ಮನೆಗೇ ಹೋಗೋಳು. ನಾಳೆ ನಿನಗೆ ಬಂದ್ರೆ...? ಅದಕ್ಕೇ ಎತ್ತಿಟ್ಟೆ.”

ಸೊಸೆ ಮಂಚದ ಅಂಚಿನಲ್ಲಿ ಕುಸಿದು ಕುಳಿತಳು. ಇಷ್ಟು ವರ್ಷ ಮುಳ್ಳು ಎಂದುಕೊಂಡಿದ್ದ ಈ ಹೆಂಗಸು ತನಗಾಗಿ ಜೀವವನ್ನೇ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರಲ್ಲ! ಅಳು ಬಂತು, ಜೊತೆಗೆ ನಗುವೂ ಬಂತು.

“ಆಗಿನ ಕಾಲ ಅಲ್ಲ ಅತ್ತೆ. ಈಗ ನಮ್ಮ ಬೀದೀಲೇ ಎಲ್ರಿಗೂ ಕೊಡ್ತಾರೆ. ನನಗೆ ಬೇಕಾದ್ರೆ ಅಲ್ಲೇ ಇದೆ. ನಿಮ್ಮದು ನೀವು ನುಂಗಿ.”

“ಆಣೆ ಮಾಡು.”

“ನಿಮ್ಮ ಬೈಗುಳದಾಣೆ!”

ಅತ್ತೆ ನಕ್ಕುಬಿಟ್ಟರು, ಕೆಮ್ಮಿದರು, ಮಾತ್ರೆ ನುಂಗಿದರು. “ನೀರು ಇಷ್ಟು ಬಿಸಿ ಕೊಡ್ತಾರೇನೇ? ನಾಲಿಗೆ ಬೆಂದೇ ಹೋಯ್ತು!” ಸೊಸೆಗೆ ಹೋದ ಜೀವ ಬಂದಂತಾಯಿತು.

ಜ್ವರ ಬಿಟ್ಟಿತು. ಅವಳು ಮತ್ತೆ ಚೀಲ ಹೆಗಲಿಗೇರಿಸಿ ಹೊರಟ ದಿನ, ಅತ್ತೆ ಕಿಟಕಿಯಿಂದ ಇಡೀ ಬೀದಿಗೆ ಕೇಳುವಂತೆ ಕೂಗಿದರು:

“ಮೂಲೆಮನೆ ಅಜ್ಜ ನುಂಗೋವರೆಗೂ ಎದುರಿಗೇ ನಿಂತಿರೇ! ವಯಸ್ಸಾದೋರನ್ನ ನಂಬಬೇಡ... ಎತ್ತಿಡ್ತಾರೆ!”