ಖಜೂರಿ ನಾಕಾದಲ್ಲಿ ಇದ್ದಿಲ ಬಸ್ಸು

ಮೊದಲ ದಿನವೇ ಅವರಿಬ್ಬರಿಗೂ ಜಗಳವಾಗಿತ್ತು. ಹಸಿ ಇದ್ದಿಲು ಮಾರಿ ತನ್ನ ಬಸ್ಸು ನಡುದಾರಿಯಲ್ಲಿ ನಿಲ್ಲುವಂತೆ ಮಾಡಿದಳೆಂದು ಡ್ರೈವರ್ ಮಲ್ಕಪ್ಪ ಆಳಂದದ ಇದ್ದಿಲು ಅಡ್ಡೆಗೆ ಬಂದು ಕೂಗಾಡಿದ. ಇದ್ದಿಲು ಮಾರುವ ನಿಂಬೆವ್ವ ಚೀಲ ಬಿಚ್ಚಿ, ಒಂದು ತುಂಡನ್ನು ಅವನ ಕಿವಿಯ ಹತ್ತಿರ ಹಿಡಿದು ಮುರಿದಳು. ಗಾಜು ಒಡೆದಂತೆ ಸದ್ದಾಯಿತು.

“ಹಸೀದು ಹಿಂಗ ಸಪ್ಪಳ ಮಾಡ್ತದೇನ್ರಿ? ನಿಮ್ಮ ಒಲಿ ಬೂದಿ ತಗದು ಎಷ್ಟ ದಿನ ಆತು?”

ಅವನು ಹೋಗಿ ನೋಡಿದ. ಒಲೆಯ ಜಾಲರಿಯ ತುಂಬ ಬೂದಿ ಕಟ್ಟಿಕೊಂಡಿತ್ತು. ಮರುದಿನ ತಲೆ ತಗ್ಗಿಸಿಕೊಂಡೇ ಬಂದು ಎರಡು ಚೀಲ ಕೇಳಿದ. ಅವನ ಮೂಗಿನ ತುದಿಯಲ್ಲಿ ಮಸಿ ಇತ್ತು. ಹೇಳಬೇಕೆಂದುಕೊಂಡವಳು ಹೇಳಲಿಲ್ಲ, ದಿನವೆಲ್ಲ ನೆನೆಸಿಕೊಂಡು ನಕ್ಕಳು.

ಅದು ನಿಜಾಮರ ರಾಜ್ಯದ ಕೊನೆಯ ಬೇಸಿಗೆ. ಗಡಿಯಾಚೆಯಿಂದ ಪೆಟ್ರೋಲು ಬರುವುದು ನಿಂತಿತ್ತು. ಅಫಜಲಪುರದಿಂದ ಆಳಂದಕ್ಕೆ, ಅಲ್ಲಿಂದ ಗಡಿಯ ಖಜೂರಿಗೆ ಹೋಗುವ ಮಲ್ಕಪ್ಪನ ಬಸ್ಸಿನ ಬೆನ್ನಿಗೆ ಆಳೆತ್ತರದ ತಗಡಿನ ಒಲೆ ಕಟ್ಟಿದ್ದರು. ಅದರಲ್ಲಿ ಇದ್ದಿಲು ಕೆಂಡವಾದಾಗ ಹುಟ್ಟುವ ಗ್ಯಾಸಿನಿಂದಲೇ ಇಂಜಿನ್ ನಡೆಯಬೇಕು. ಹೊರಡುವ ಮೊದಲು ಅರ್ಧ ಗಂಟೆ ಕೈಪಂಖಾ ತಿರುಗಿಸಿ ಗಾಳಿ ಹಾಕಬೇಕು.

ಆ ಅರ್ಧ ಗಂಟೆಗಾಗಿ ನಿಂಬೆವ್ವ ಬೆಳಗಿನಿಂದ ಕಾಯತೊಡಗಿದಳು. ಅವನು ಪಂಖಾ ತಿರುಗಿಸುತ್ತ ಓರೆಗಣ್ಣಿನಲ್ಲಿ ನೋಡುವನು. ಇವಳು ಚೀಲ ಹೊಲಿಯುತ್ತ ನೋಡದಂತೆ ನೋಡುವಳು. ಅವನ ಕೈ ಸೋತರೆ ತಾನೇ ಹೋಗಿ ಹಿಡಿಕೆ ಹಿಡಿಯುವಳು. ಹಿಡಿಕೆಯಲ್ಲಿ ಅವನ ಅಂಗೈಯ ಬಿಸಿ ಇನ್ನೂ ಉಳಿದಿರುತ್ತಿತ್ತು.

ಗ್ಯಾಸಿನ ಗುಣವನ್ನೂ ಅವನೇ ಹೇಳಿಕೊಟ್ಟ. ಇಂಜಿನ್ ನಡೆಯುವಾಗ ಅದು ಗ್ಯಾಸನ್ನು ಒಳಗೆ ಜಗ್ಗಿಕೊಳ್ಳುತ್ತದೆ. ನಿಂತರೆ ಗ್ಯಾಸು ಸಂದಿಗಳಿಂದ ಹೊರಗೆ ಸೋರುತ್ತದೆ, ಮೂಗಿಗೆ ಗೊತ್ತೇ ಆಗುವುದಿಲ್ಲ. ಜೇವರ್ಗಿ ರಸ್ತೆಯಲ್ಲಿ ಒಬ್ಬ ಕ್ಲೀನರ್ ಒಲೆಗೆ ಒರಗಿ ಮಲಗಿದವನು ಎದ್ದಿರಲಿಲ್ಲ. ಅದನ್ನು ಹೇಳುವಾಗ ಮಲ್ಕಪ್ಪ ಅವಳನ್ನು ಎರಡು ಹೆಜ್ಜೆ ದೂರ ನಿಲ್ಲಿಸಿದ್ದ.

ನಿಜಾಮರ ಪರವಾಗಿ ಬಂದೂಕು ಹಿಡಿದ ರಜಾಕಾರರು ಬಂದರೆಂಬ ಸುದ್ದಿ ಕೇಳಿದರೆ ಬಾಗಿಲುಗಳು ಮುಚ್ಚುತ್ತಿದ್ದ ಕಾಲ. ಗಡಿ ದಾಟುವವರಿಗೆ ನಿಂಬೆವ್ವನ ಅಪ್ಪ ದೇವಿಂದ್ರಪ್ಪ ಗುಟ್ಟಾಗಿ ರೊಟ್ಟಿ ಕಟ್ಟಿ ಕೊಡುತ್ತಿದ್ದ. ಒಂದು ಮುಂಜಾನೆ ಪಕ್ಕದ ಚಹಾದಂಗಡಿಯ ಮುರ್ತುಜಾ ಚಾಚಾ ಓಡಿ ಬಂದ. ಬಂದೂಕಿನವರು ಪೇಟೆಯಲ್ಲಿ ದೇವಿಂದ್ರಪ್ಪನ ಹೆಸರು ಕೇಳುತ್ತಿದ್ದಾರೆ, ಮಧ್ಯಾಹ್ನದೊಳಗೆ ಊರು ಬಿಡಬೇಕು ಎಂದ.

ಸುದ್ದಿ ಕೇಳಿದ ಮಲ್ಕಪ್ಪ ಬಸ್ಸನ್ನು ಅಡ್ಡೆಯ ಬಾಗಿಲಿಗೇ ತಂದ. ಬಸ್ಸಿನ ಹಿಂಬದಿ, ಒಲೆಯ ಪಕ್ಕದಲ್ಲೇ ಇದ್ದಿಲು ಚೀಲ ಒಟ್ಟುವ ಜಾಗವಿತ್ತು. ದೇವಿಂದ್ರಪ್ಪನನ್ನು ಅಲ್ಲಿ ಮಲಗಿಸಿ ಮೇಲೆ ಚೀಲ ಹೇರಿದರು. ನಿಂಬೆವ್ವ ಹಿಂದಿನ ಸೀಟಿನಲ್ಲಿ ಕೂತಳು. ಹೊರಡುವಾಗ ಮಲ್ಕಪ್ಪ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಇಂಜಿನ್ ಬಂದ್ ಆಗಲಾರದಂಗ ನೋಡಕೋತೇನಿ. ನೀ ಅಂಜಬ್ಯಾಡ.”

ಅವನ ತುಟಿ ಒಣಗಿತ್ತು. ಅವನೂ ಅಂಜಿದ್ದಾನೆಂದು ಅವಳಿಗೆ ತಿಳಿಯಿತು.

ಖಜೂರಿಯ ಸುಂಕದ ನಾಕಾದಲ್ಲಿ ಬಿದಿರು ಅಡ್ಡ ಬಿತ್ತು. ಬಂದೂಕು ಹಿಡಿದ ಇಬ್ಬರು ಬಂದು ಇಂಜಿನ್ ಬಂದ್ ಮಾಡಲು ಹೇಳಿದರು. ಮತ್ತೆ ಹೊತ್ತಿಸಲು ಅರ್ಧ ಗಂಟೆ ಬೇಕಾಗುತ್ತದೆ ಸಾಹೇಬ್ರ ಎಂದು ಮಲ್ಕಪ್ಪ ಬೇಡಿಕೊಂಡ. ಬಂದೂಕಿನ ತುದಿ ಅವನ ಎದೆಗೆ ತಾಗಿತು. ಇಂಜಿನ್ ನಿಂತಿತು.

ಇನ್ನು ಗ್ಯಾಸು ಸೋರತೊಡಗುತ್ತದೆಂದು ನಿಂಬೆವ್ವನಿಗೆ ಗೊತ್ತಿತ್ತು. ಬಂದೂಕಿನವರು ಒಬ್ಬೊಬ್ಬರದೇ ಗಂಟು ಬಿಚ್ಚಿಸುತ್ತ ಮುಂದಿನಿಂದ ಬರುತ್ತಿದ್ದರು. ಅಪ್ಪ ಒಮ್ಮೆ ಕೆಮ್ಮಿದ. ಅದನ್ನು ಮುಚ್ಚಲು ಅವಳೂ ಕೆಮ್ಮಿದಳು. ಆಮೇಲೆ ಚೀಲಗಳ ಅಡಿಯಿಂದ ಸಪ್ಪಳವೇ ಇಲ್ಲ. ಕೆಮ್ಮಿದ್ದಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ಕೂಗಿದರೆ ಬಂದೂಕು, ಕೂಗದಿದ್ದರೆ ಗ್ಯಾಸು.

ಅವಳು ಮಲ್ಕಪ್ಪನತ್ತ ನೋಡಿದಳು. ಇಷ್ಟು ದಿನ ಕದ್ದು ನೋಡಿದವಳು ಈಗ ಎಲ್ಲರ ಎದುರು ನೇರವಾಗಿ ನೋಡಿದಳು. ಅವನಿಗೆ ಅರ್ಥವಾಯಿತು.

ಒಲೆಗೆ ಇದ್ದಿಲು ಹಾಕಬೇಕೆಂದು ಹೇಳಿ ಅವನು ಹಿಂದಕ್ಕೆ ಬಂದ. ಚಿಂದಿಯನ್ನೂ ಸುತ್ತಿಕೊಳ್ಳದೆ ಬರಿಗೈಯಲ್ಲೇ ಒಲೆಯ ಮುಚ್ಚಳ ಎತ್ತಿಬಿಟ್ಟ. ಒಳಗೆ ಕಟ್ಟಿಕೊಂಡಿದ್ದ ಗ್ಯಾಸು ಭಗ್ಗೆಂದು ಹೊತ್ತಿ, ಉರಿ ಬಸ್ಸಿನ ತಲೆ ಮೀರಿ ಎದ್ದಿತು. ಜನ ಚೀರುತ್ತ ಇಳಿದು ಓಡಿದರು. ಬಂದೂಕಿನವರು ಹಾರಿ ಕೆಳಗಿಳಿದರು. ಬಸ್ಸು ಸಿಡಿಯುತ್ತದೆ, ಬಿದಿರು ಎತ್ತಿದರೆ ದೂರ ಒಯ್ಯುತ್ತೇನೆ ಎಂದು ಮಲ್ಕಪ್ಪ ಕೂಗಿದ. ಅವರು ಎತ್ತಿದರು. ಉರಿ ಇಳಿದದ್ದೇ ಅವನು ಮುಚ್ಚಳ ಬಡಿದ, ನಿಂಬೆವ್ವ ಕೈ ಕಿತ್ತು ಬರುವಂತೆ ಪಂಖಾ ತಿರುಗಿಸಿದಳು. ಕೆಂಡ ಇನ್ನೂ ಬಿಸಿಯಿದ್ದುದರಿಂದ ಇಂಜಿನ್ ಬೇಗನೆ ಹಿಡಿಯಿತು.

ಊರಾಚೆ ಬೇವಿನ ಮರದಡಿ ಬಸ್ಸು ನಿಲ್ಲಿಸಿ ಚೀಲಗಳನ್ನು ಎಳೆದು ಹಾಕಿದರು. ದೇವಿಂದ್ರಪ್ಪನ ಮುಖ ಕೆಂಪಾಗಿತ್ತು, ಕಣ್ಣು ಮುಚ್ಚಿತ್ತು. ಗಾಳಿಗೆ ಮಲಗಿಸಿದರು. ಬಹಳ ಹೊತ್ತಿನ ಮೇಲೆ ಅವನು ವಾಂತಿ ಮಾಡಿಕೊಂಡು, “ಅವ್ವಾ” ಎಂದ. ಆಗ ನಿಂಬೆವ್ವ ಅತ್ತಳು.

ಮಲ್ಕಪ್ಪನ ಬಲಗೈಯಲ್ಲಿ ಬೊಬ್ಬೆ ಎದ್ದಿದ್ದವು. ಅವಳು ಸೆರಗು ಹರಿದು ನೆನೆಸಿ ಸುತ್ತಿದಳು. ಉಫ್ ಎಂದು ಊದುವಾಗ ಅವನು ಅವಳ ರೆಪ್ಪೆಗಳನ್ನೇ ನೋಡುತ್ತಿದ್ದ.

“ಉರಿತದೇನ್ರಿ?”

“ನೀ ಊದೂ ತನಕ ಇಲ್ಲ.”

ಹೊಲದ ಬದುವಿನಾಚೆ ನಿಜಾಮರ ಕೈಗೆಟುಕದ ಬೇರೆ ರಾಜ್ಯ. ಅಪ್ಪ ಮಗಳು ಆಚೆಯ ವಾಗದರಿ ಊರಿಗೆ ನಡೆದು ಹೋಗಲಿ, ತಾನು ಆಳಂದಕ್ಕೆ ಮರಳುತ್ತೇನೆ ಎಂದ ಮಲ್ಕಪ್ಪ. ಮುರ್ತುಜಾ ಚಾಚಾನ ಮನೆಯಲ್ಲಿ ಗಡಿ ದಾಟಿಸಬೇಕಾದ ಇನ್ನೂ ಎರಡು ಕುಟುಂಬ ಅಡಗಿಕೊಂಡಿದ್ದವು.

ನಿಂಬೆವ್ವ ಅವನ ಕೈ ನೋಡಿದಳು, ಬಂದ ದಾರಿ ನೋಡಿದಳು. ಆ ನಾಕಾವನ್ನು ಮತ್ತೆ ದಾಟಬೇಕಿತ್ತು. ಆದರೂ ಅಪ್ಪನ ಎದುರು ಕೂತು ತಾನೂ ಹಿಂದಕ್ಕೆ ಹೋಗುವುದಾಗಿ ಹೇಳಿದಳು. ಒಂದೇ ಕೈಯಲ್ಲಿ ಅವರು ಸ್ಟೇರಿಂಗ್ ಹಿಡಿಯಬೇಕೋ, ಪಂಖಾ ತಿರುಗಿಸಬೇಕೋ? ಆಳಂದದಲ್ಲಿ ಚಾಚಾನ ಹೆಂಡತಿ ಚಾಂದಬೀ ಹತ್ತಿರ ಇರುತ್ತೇನೆ ಎಂದಳು.

ದೇವಿಂದ್ರಪ್ಪ ಅವಳ ಕೈ ಹಿಡಿದ. “ಯಾರಾಗಿ ಹೋಗ್ತಿ, ನನ್ನ ಮಗಳ?”

“ಅವರು ಹ್ಞೂಂ ಅಂದ್ರ, ಹೆಂಡ್ತಿ ಆಗಿ.”

ಮಸಿ ಮೆತ್ತಿದ ಮುಖದಲ್ಲೂ ಮಲ್ಕಪ್ಪನ ಕಿವಿ ಕೆಂಪಾದದ್ದು ಕಂಡಿತು. ಅವನು ಮುದುಕನ ಪಾದ ಮುಟ್ಟಿ, ನೆಲ ನೋಡುತ್ತ, “ಹ್ಞೂಂ ಅಂತೀನ್ರಿ” ಎಂದ. ದೇವಿಂದ್ರಪ್ಪ ಇಬ್ಬರ ಹಣೆಗೂ ವಿಭೂತಿ ಹಚ್ಚಿ, ಹಿಂದೆ ನೋಡದೆ ಬದು ದಾಟಿದ.

ಬಸ್ಸು ತಿರುಗಿತು. ನಿಂಬೆವ್ವ ಈ ಸಲ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು. ದೂರದಲ್ಲಿ ನಾಕಾದ ಬಿದಿರು ಕಂಡಾಗ ಅವನು ಬಸ್ಸಿನ ವೇಗ ಇಳಿಸಿದ. ಸುಟ್ಟ ಕೈ ತೊಡೆಯ ಮೇಲಿತ್ತು. ಅವಳು ತನ್ನ ಮೊಣಕಾಲನ್ನು ಅವನದಕ್ಕೆ ತಾಗಿಸಿ ಕೂತಳು.