ಬಾಯಿಲ್ಲದ ಚಿತ್ರ

"ನನ್ನ ಮಾರಿ ಗ್ವಾಡಿ ಮ್ಯಾಲ ಬರೀರಿ ಅಂತ ನಿಮಗ ಯಾರು ಹೇಳಿದ್ರು?"

ಹಿಂದಿನಿಂದ ಬಂದ ಸಿಟ್ಟಿನ ದನಿಗೆ ಕಾರ್ಖಾನೆ ಎದುರಿನ ಗೋಡೆಗೆ ಮುಷ್ಕರದ ಚಿತ್ರ ಬರೆಯುತ್ತಿದ್ದ ಕಲಾವಿದ ನಾಗಲಿಂಗಪ್ಪನ ಕೈಯಲ್ಲಿದ್ದ ಕುಂಚ ನಿಂತೇಹೋಯಿತು.

ತಿರುಗಿದ. ಶಂಕ್ರವ್ವ! ದಾಂಡೇಲಿಯ ಹಲಗೆ ಕಾರ್ಖಾನೆಯಲ್ಲಿ ದುಡಿಯುವವಳು. ಗಂಡಸರಷ್ಟೇ ಪಗಾರ ಬೇಕೆಂದು ಅಲ್ಲಿನ ಹೆಂಗಸರು ಮುಷ್ಕರ ಹೂಡಿದ್ದರು. ಅದು ೧೯೬೬ನೆಯ ಇಸವಿ.

ಗೋಡೆಯ ಮೇಲಿನ ಮುಖದಲ್ಲಿ ಉರಿಯುವ ಎರಡು ಕಣ್ಣು, ಓರೆ ಮೂಗು... ಬಾಯಿಯೇ ಇರಲಿಲ್ಲ!

"ಮುಂಬಯಿದಾಗ ಕಲ್ತು ಬಂದದ್ದು ಇದನ್ನೇನ್ರಿ? ಮಂದಿ ನಗಾಕತ್ತಾರ. ಬಾಯಿ ಎಲ್ಲೈತಿ?"

"ನಿನ್ನೆ ಸಭಾದಾಗ ಮಾತಾಡಾಕ ಎದ್ದಿದ್ರಿ. ಮುಂದಾಳುಗಳು 'ಕುಂಡ್ರವಾ' ಅಂದ್ರು..." ಅವನು ತಲೆ ತಗ್ಗಿಸಿದ. "ಕಂಡದ್ದನ್ನ ಬರದೀನಿ. ಬ್ಯಾಡಂದ್ರ ಈಗ ಅಳಸ್ತೇನಿ."

ಶಂಕ್ರವ್ವ ಗೋಡೆಯನ್ನು ಮತ್ತೊಮ್ಮೆ ನೋಡಿದಳು. ಅಪ್ಪ ಅವ್ವ ತೀರಿಹೋದ ಮೇಲೆ ಅವಳು ಮಾತಾಡಿದಳೋ ಬಿಟ್ಟಳೋ ಎಂದು ಕೇಳಿದವರೇ ಇಲ್ಲ.

'ಇಷ್ಟು ಮಂದಿಯೊಳಗ ಇವರು ನನ್ನ ನೋಡಿದ್ರಾ...?'

"ಇರ್ಲಿ ಬಿಡ್ರಿ," ಎಂದಷ್ಟೇ ಹೇಳಿ ಸರಸರ ನಡೆದುಬಿಟ್ಟಳು.

ಮರುದಿನ ಅವನಿಗೆ ಚಹಾ ತಂದುಕೊಟ್ಟಳು. ಅದರ ಮರುದಿನವೂ. ಇಬ್ಬರಿಗೂ ಮಾತು ಕಡಿಮೆ. ಆದರೆ ಅವನ ಪಕ್ಕದಲ್ಲಿ ಸುಮ್ಮನೆ ಕೂತರೆ ಅವಳ ಎದೆಯ ಭಾರ ಇಳಿಯುತ್ತಿತ್ತು.

ಆಮೇಲೆ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಆ ಗೋಡೆಯ ಫೋಟೋ ಬಂತು. ಕೆಳಗೆ ಶಂಕ್ರವ್ವನ ಹೆಸರು! ಅಂದೇ ಮ್ಯಾನೇಜರ್ ಅವಳನ್ನು ಕೆಲಸದಿಂದ ತೆಗೆದ.

'ಇವರಿಗೆ ಹೆಸರು ಬರಬೇಕಾಗಿತ್ತು... ಅದಕ್ಕ ನನ್ನ ಹೆಸರು ಮಾರಿದ್ರು!'

ಅವನನ್ನು ಒಂದು ಮಾತೂ ಕೇಳದೆ ಮುಂಡಗೋಡದ ಹತ್ತಿರದ ಪಾಳಾ ಊರಿನಲ್ಲಿದ್ದ ಚಿಗವ್ವನ ಮನೆಗೆ ಹೊರಟುಹೋದಳು.

ಅಲ್ಲಿ ಗದ್ದೆ ಕೆಲಸ. ಜೊತೆಯ ಹೆಂಗಸರು ಹಾಡುತ್ತಿದ್ದರೆ ಇವಳು ಬಗ್ಗಿ ಸಸಿ ನೆಡುತ್ತಿದ್ದಳು, ಅಷ್ಟೇ. ತುಂಬಿದ ಮನೆಯಲ್ಲೂ ಒಬ್ಬಳೇ. ಅವನ ಮೇಲಿನ ಸಿಟ್ಟನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳೋಣವೆಂದರೆ, ಅದೂ ಕೈಜಾರುತ್ತಿತ್ತು...

ಸುಗ್ಗಿ ಮುಗಿದ ಮೇಲೆ, ಕಾರ್ಮಿಕ ಸಂಘದ ಮುಂದಾಳು ಅಡಿವೆಯ್ಯ ಮದುವೆಯೊಂದಕ್ಕೆಂದು ಪಾಳಾಕ್ಕೆ ಬಂದ. ಅವಳನ್ನು ಕಂಡವನೇ ಕೈಮುಗಿದ.

"ಪೇಪರಿನವರಿಗೆ ನಿನ್ನ ಹೆಸರು ಕೊಟ್ಟಾಂವ ನಾನವಾ. ನಿನಗ ಮರ್ಯಾದಿ ಆಕ್ಕೈತಿ ಅಂದ್ಕೊಂಡಿದ್ದೆ... ಆ ಚಿತ್ರದ ಸಲುವಾಗಿ ಪೊಲೀಸರು ನಾಗಲಿಂಗಪ್ಪನ್ನ ಹಿಡದಾಗ, 'ಆಕಿಗೆ ಕೇಳದನ ಬರದೀನಿ, ತಪ್ಪೆಲ್ಲಾ ನಂದು' ಅಂದ. ಜೇಲಿಗೆ ಹೋಗಿ ಬಂದ. ಈಗ ಹಳಿಯಾಳದಾಗ ಅಂಗಡಿ ಬೋರ್ಡು ಬರೀತಾನ."

ಶಂಕ್ರವ್ವ ಆ ರಾತ್ರಿಯೇ ಬುತ್ತಿ ಕಟ್ಟಿದಳು. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದಳು.

ಹಳಿಯಾಳದ ಪೇಟೆಯಲ್ಲಿ ಅವನು ಏಣಿಯ ಮೇಲಿದ್ದ. ಸೊರಗಿದ್ದ. ಅವಳನ್ನು ಕಂಡು ಮೆಲ್ಲಗೆ ಇಳಿದ.

"ಅಡಿವೆಯ್ಯನವರು ಎಲ್ಲಾ ಹೇಳಿದ್ರು. ನಾ ಒಂದು ಮಾತು ಕೇಳಬೇಕಿತ್ತು. ಕೇಳ್ಲಿಲ್ಲ... ತಪ್ಪಾತ್ರಿ!"

"ತಪ್ಪು ನಂದೂ ಐತಿ. ಬರಿಯೂಕಿಂತ ಮೊದಲ ನಿಮ್ಮನ್ನ ಕೇಳಬೇಕಿತ್ತು."

"ಜೇಲಿನಿಂದ ಬಂದ ಮ್ಯಾಲರ ನನ್ನ ಕಡೆ ಬರಬಾರದಿತ್ತೇನ್ರಿ?"

"ಬಂದಿದ್ದೆ. ಮುಂಡಗೋಡದಾಗ ಇಳದು ಹೊಳ್ಳಿ ಹೋದೆ."

"ಯಾಕ?"

"ನೀವು ಬ್ಯಾಡ ಅಂದಿದ್ರ... ಆಮ್ಯಾಲ ನೆನಸಾಕೂ ನನಗ ಯಾರೂ ಇರ್ತಿರಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೇಟೆಯ ಮಂದಿ ನೋಡುತ್ತಿದ್ದರು. ನೋಡಲಿ!

"ನಾ ಬ್ಯಾಡ ಅನ್ನಂಗಿಲ್ರಿ," ಎಂದಳು.

ಅವನು ಕೈಯಲ್ಲಿದ್ದ ಕುಂಚವನ್ನು ಬಣ್ಣದ ಡಬ್ಬಿಯ ಮೇಲೆ ಇಟ್ಟ.

"ಊಟ ಆತೇನ್ರಿ?"

"ಇಲ್ಲ... ಒಬ್ಬಾಂವನ ಕುಂತು ಉಣ್ಣಾಕ ಬ್ಯಾಸರ."

"ನನಗೂ ಹಂಗರಿ," ಎಂದು ಅವಳು ಬುತ್ತಿಗಂಟು ಬಿಚ್ಚಿದಳು. "ಬರ್ರಿ, ಇಬ್ಬರೂ ಉಣ್ಣೂಣು."