ಎರಡು ಕೀಲಿ ಹಾಕಿದ ಬಂದೂಕು

ಸಬ್ ಇನ್‌ಸ್ಪೆಕ್ಟರ್ ಸಪ್ನಾ ಗೋಣಿಚೀಲದ ಒಂದು ಬದಿ ಕೊಯ್ದು ಒಳಗಿನದನ್ನು ಪಂಚಾಯತಿ ಮೇಜಿನ ಮೇಲೆ ಸುರಿದಾಗ ಬಂದೂಕು ಬೀಳಲಿಲ್ಲ. ಬಿದ್ದದ್ದು ಒಂದು ಕಬ್ಬಿಣದ ಪೈಪು. ಅದರ ತುದಿಗೆ ಹಿಡಿಕೆಯ ಆಕಾರಕ್ಕೆ ಕೆತ್ತಿದ ಜಾಲಿ ಕಟ್ಟಿಗೆಯನ್ನು ತಂತಿಯಿಂದ ಬಿಗಿದಿದ್ದರು.

"ನನ್ನ ಬಂದೂಕ ಕದ್ದಾರ್ರಿ!" ಎಂದು ಚೀಲದ ಒಡೆಯ ಯಂಕಣ್ಣ ಎದೆ ಬಡಿದುಕೊಂಡ.

ಹೈಸ್ಕೂಲು ಮಾಸ್ತರ ಬುದ್ಧಪ್ರಿಯನಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಇಬ್ಬರು ರೈತರಿಂದ ಬಂದೂಕು ಬಿಡಿಸುವ ಈ ಒಪ್ಪಂದಕ್ಕಾಗಿ ಖುರ್ಷೀದಬೇಗಂ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸುರಪುರದಿಂದ ಕಕ್ಕೇರಾ ಆಚೆಯ ಈ ಹಳ್ಳಿಗೆ ಆರು ಸಲ ಬಂದಿದ್ದ. ಬೇಗಂ ಇಪ್ಪತ್ತಾರು ವರ್ಷ ಜಿನೀವಾದ ನಿಶ್ಶಸ್ತ್ರೀಕರಣ ಸಭೆಗಳಲ್ಲಿ ದುಭಾಷಿಯಾಗಿದ್ದು ನಿವೃತ್ತಿಯ ನಂತರ ಊರಿಗೆ ಮರಳಿದವರು. ಅಲ್ಲಿ ಅರವತ್ತೈದು ದೇಶಗಳು ಕೂರುತ್ತವೆ, ಒಂದೇ ಒಂದು ದೇಶ ಒಲ್ಲೆ ಎಂದರೂ ಸಾಕು, ಯಾವ ವಿಷಯ ಚರ್ಚಿಸಬೇಕೆಂಬುದೇ ತೀರ್ಮಾನವಾಗದೆ ವರ್ಷ ಕಳೆಯುತ್ತದೆ. ಅಂಥ ಕಡೆ ಜನರ ಮುಖ ಓದಿ ಪಳಗಿದ ಹೆಂಗಸು; ಸುರಪುರದಲ್ಲಿ ಏನು ಕಳೆದರೂ, ಯಾರು ಜಗಳಾಡಿದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು.

ಈ ಹಳ್ಳಿಯ ಜಗಳವೂ ಜಿನೀವಾದ್ದಕ್ಕಿಂತ ಕಡಿಮೆಯದೇನಲ್ಲ. ಎರಡು ವರ್ಷದ ಹಿಂದೆ ಕಾಲುವೆ ನೀರಿನ ಸರದಿಗಾಗಿ ಮಾತಿಗೆ ಮಾತು ಬೆಳೆದು, ಯಂಕಣ್ಣ ಹಂದಿ ಬೆದರಿಸುವ ಲೈಸೆನ್ಸಿನ ಬಂದೂಕನ್ನು ಪ್ರವೀಣಕುಮಾರನ ಎದೆಗೆ ಹಿಡಿದಿದ್ದ. ಪ್ರವೀಣಕುಮಾರನೂ ಸುಮ್ಮನಿರದೆ ಲೈಸೆನ್ಸು ಮಾಡಿಸಿ ಒಂದು ಬಂದೂಕು ತಂದಿಟ್ಟುಕೊಂಡ. ಠಾಣೆಗೆ ಒಪ್ಪಿಸಿರೆಂದರೆ "ಮೊದಲ ಅವ ಒಪ್ಪಿಸಲಿ" ಎಂದು ಇಬ್ಬರದೂ ಒಂದೇ ಹಟ. ಕೊನೆಗೆ ಬೇಗಂ ದಾರಿ ಹುಡುಕಿದರು: ಇಬ್ಬರೂ ಒಂದೇ ಗಳಿಗೆಗೆ ತಂದಿಡುವುದು, ಪಂಚಾಯತಿ ಕೋಣೆಗೆ ಎರಡು ಕೀಲಿ ಹಾಕುವುದು, ಒಬ್ಬೊಬ್ಬರ ಹತ್ತಿರ ಒಂದೊಂದು ಕೀಲಿಕೈ. ಮರುದಿನ ಬೆಳಿಗ್ಗೆ ಪೊಲೀಸರು ಬಂದು ಎರಡನ್ನೂ ಒಯ್ಯುವುದು.

ಕೀಲಿಗಳೇನೋ ಹಾಗೆಯೇ ಇದ್ದವು. ಆದರೆ ಅವನ್ನು ಮಾರಿದವನು ಸುರಪುರದ ಕೀಲಿ ರಿಪೇರಿಯ ಬಾಷುಮಿಯಾ. ಎರಡೂ ಕಡೆಯವರು ನಂಬಿದ ಮನುಷ್ಯನೆಂದು ಬಾಗಿಲ ಮುಂದೆ ಕಾವಲು ಮಲಗಿದವನೂ ಅವನೇ. ಅವನ ಡಬ್ಬಿ ತಡಕಿದರೆ ಎರಡೂ ಕೀಲಿಗಳಿಗೆ ಒಂದೊಂದು ಹೆಚ್ಚಿನ ಕೀಲಿಕೈ ಸಿಕ್ಕವು.

"ಗಿರಾಕಿ ಕಳಕೊಂಡ್ರ ಇರ್ಲಿ ಅಂತ ಒಂದೊಂದು ಇಟ್ಕೋತೀನ್ರಿ. ನಲವತ್ತ ವರ್ಷ ಹಂಗ ಮಾಡೀನಿ," ಎಂದ ಬಾಷುಮಿಯಾ.

"ಇನ್ನೇನ್ ಸಬೂತು ಬೇಕ್ರಿ? ಒಯ್ಯರಿ ಅವನ್ನ!" ಎಂದು ಜನ ಕೂಗಿದರು.

ಸಪ್ನಾ ಗಡಿಯಾರ ನೋಡಿದಳು. "ನಾಲ್ಕು ಗಂಟೆತನಕ ಇರ್ತೀನಿ, ಬೇಗಂ. ಆಮೇಲೆ ಇವನ್ನ ಕರ್ಕೊಂಡು ಹೋಗಲೇಬೇಕು."

ಬುದ್ಧಪ್ರಿಯ ಬಾಷುಮಿಯಾ ಸೇರಿ ಎಲ್ಲರ ಮೇಲೂ ಶಂಕೆಪಟ್ಟ. ಪ್ರವೀಣಕುಮಾರ ಯಾಕೆ ಅಷ್ಟು ಸುಮ್ಮನಿದ್ದಾನೆ? ಯಂಕಣ್ಣನ ಹೆಂಡತಿ ದೇವಕಮ್ಮ ಯಾಕೆ ಗಂಡನ ಕಡೆ ನೋಡುತ್ತಲೇ ಇಲ್ಲ? ಬೇಗಂ ಮಾತ್ರ ಗೋಣಿಚೀಲ ಹಿಡಿದು, ಕೊಯ್ಯದೆ ಉಳಿದಿದ್ದ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು. ಪ್ರವೀಣಕುಮಾರನ ಗಂಟು ಬಿಚ್ಚಿಸಿದರೆ ಅದರಲ್ಲಿ ಬಂದೂಕು ಸರಿಯಾಗಿಯೇ ಇತ್ತು.

"ಮಾಸ್ತರ, ಹೊಲದ ಕಡಿ ಒಂದು ಸುತ್ತು ಹಾಕೋಣ," ಎಂದರು ಬೇಗಂ.

ಯಂಕಣ್ಣನ ಶೇಂಗಾ ಹೊಲದ ಸುತ್ತ ಕೆಂಪು, ಹಳದಿ, ಹಸಿರು ಹಳೇ ಸೀರೆಗಳನ್ನು ಬೇಲಿಯಂತೆ ಕಟ್ಟಿದ್ದರು. ಬದುವಿನ ಗೂಟಕ್ಕೆ ಎಣ್ಣೆಡಬ್ಬಿ ಜೋತುಬಿದ್ದಿತ್ತು. ಬಡಿದು ಬಡಿದು ಅದರ ತಳ ತಗ್ಗಾಗಿತ್ತು. ಒಳಗೆ ಹಂದಿಗಳು ಕೆದರಿದ ಮಣ್ಣು. ಬೇಗಂ ಬಹಳ ಹೊತ್ತು ನಿಂತು ನೋಡಿದರು. ಒಬ್ಬ ಬಡಪಾಯಿಯ ಮಾನ ಹೋಗುತ್ತಿರುವಾಗ ಈ ಮುದುಕಿ ಸೀರೆ ನೋಡುತ್ತಿದ್ದಾಳಲ್ಲ ಎಂದು ಬುದ್ಧಪ್ರಿಯನಿಗೆ ಸಿಟ್ಟೇ ಬಂತು.

ಮೂರು ಗಂಟೆಗೆ ಎಲ್ಲರೂ ಪಂಚಾಯತಿಯಲ್ಲಿ ಕೂತರು.

"ಬಂದೂಕ ಈ ಕೋಣಿಯಿಂದ ಹೋಗಿಲ್ಲ," ಎಂದರು ಬೇಗಂ. "ಯಾಕಂದ್ರ ಅದು ಇಲ್ಲಿಗೆ ಬಂದೇ ಇಲ್ಲ."

ಗುಸುಗುಸು ಎದ್ದಿತು. ಅವರು ಚೀಲ ಎತ್ತಿ ಹಿಡಿದರು. "ನಿನ್ನಿ ಯಂಕಣ್ಣ ಇದನ್ನ ಹೊಲಕೊಂಡೇ ತಂದಾನ. ಬಿಚ್ಚಿ ಮತ್ತ ಹೊಲಿದಿದ್ರ ದಬ್ಬಣದ ತೂತು ಹೆಚ್ಚಿಗಿ ಇರಬೇಕಿತ್ತು, ಇಲ್ಲಾ ತೂತು ಹರಿದು ಸಡಿಲ ಆಗಬೇಕಿತ್ತು. ಇಲ್ಲಿ ಒಂದೇ ಸಾಲು, ಬಿಗಿ ಅದ. ಇನ್ನ ಈ ಕಟ್ಟಿಗಿ ನೋಡ್ರಿ. ಕಳ್ಳ ಚೀಲ ತಗೊಂಡು ಓಡ್ತಾನೇ ಹೊರತು, ಕೂತು ಹಿಡಿಕಿ ಕೆತ್ತತಾನೇನು?"

"ಹಂಗಾರ ಯಂಕಣ್ಣ ಬಂದೂಕ ಮನ್ಯಾಗ ಬಚ್ಚಿಟ್ಟಾನ!" ಪ್ರವೀಣಕುಮಾರ ಎದ್ದು ನಿಂತ.

"ಕೂಡು ತಮ್ಮಾ. ನಾನೂ ಮೊದಲ ಹಂಗೇ ಅಂದುಕೊಂಡಿದ್ದೆ. ಬಂದೂಕ ಇದ್ದಾವ ಹೆಂಡತಿ ಸೀರಿ ಕಟ್ಟಿ, ಡಬ್ಬಿ ಬಡಿದು ಹಂದಿ ಓಡಸ್ತಾನೇನು? ಬೆಳಿ ಕಣ್ಣಮುಂದ ಹಾಳಾಗಾಕತ್ತದ, ಆದ್ರೂ ಒಂದು ಗುಂಡು ಹಾರಸಿಲ್ಲ. ಜಿನೀವಾದಾಗ ಇಂಥವರನ್ನ ಭಾಳ ನೋಡೀನಿ. ತಕರಾರು ಇದ್ದಾವ ತಕರಾರು ತೀರಿದ್ರ ಸಹಿ ಮಾಡ್ತಾನ. ಅಂಜಿಕಿ ಇದ್ದಾವ ಹೊಸಾ ತಕರಾರು ಹುಡುಕ್ತಾನ. ಯಂಕಣ್ಣ ಮೊದಲಿಗಿ ದಿನಾ ಸರಿ ಇಲ್ಲಂದ, ಆಮ್ಯಾಲ ಜಾಗಾ ಸರಿ ಇಲ್ಲಂದ, ಕಡೀಕ ಗಂಟು ಬಿಚ್ಚಿ ನೋಡಿದ್ರ ಇಜ್ಜತ್ ಹೋಗ್ತದ ಅಂದ. ಆ ಮಾತಿಗೆ ನಾ ಒಪ್ಪಿದ್ದೇ ತಪ್ಪು. ಬಚ್ಚಿಡಾಕ ಇವನ ಹತ್ರ ಏನೂ ಇರಲಿಲ್ಲ. ಏನೂ ಇಲ್ಲ ಅನ್ನೋದನ್ನೇ ಬಚ್ಚಿಟ್ಟಿದ್ದ."

ದೇವಕಮ್ಮ ಮುಂದೆ ಬಂದಳು.

"ನಾನೇ ಕಾಲುವಿಗಿ ಎಸದೀನ್ರಿ. ಇವರು ಪ್ರವೀಣನ ಎದಿಗಿ ಹಿಡಿದ ಮರುದಿನಾನೇ. ಸಣ್ಣಾಂವ ಇದ್ದಾಗ ಆ ಹುಡುಗ ನನ್ನ ಕೈಯಾಗಿನ ರೊಟ್ಟಿ ತಿಂದಾನ."

"ಬಂದೂಕ ಇಲ್ಲಂತ ಗೊತ್ತಾದ್ರ ನಮ್ಮನ್ನ ಯಾರು ಅಂಜತಿದ್ರು?" ಎಂದ ಯಂಕಣ್ಣ. "ಅದ ಅನ್ನೋ ಮಾತೇ ನಮಗ ಬಂದೂಕ ಆಗಿತ್ತು. ಕದ್ದಾರ ಅಂದ್ರ ಒಪ್ಪಂದ ಮುರೀತದ, ಮಾನ ಉಳೀತದ ಅಂದುಕೊಂಡೆ."

"ನಿನ್ನ ಮಾನ ಉಳೀಲಿ ಅಂತ ಬಾಷುಮಿಯಾನ ಜೈಲಿಗಿ ಕಳಸ್ತಿದ್ದೇನು?" ಬುದ್ಧಪ್ರಿಯ ಕಿರುಚಿಯೇ ಬಿಟ್ಟ. ಬೆಳಿಗ್ಗೆ ತಾನೂ ಆ ಮುದುಕನನ್ನು ಅನುಮಾನಿಸಿದ್ದು ನೆನಪಾಗಿ ಅವನ ಸಿಟ್ಟು ಇಮ್ಮಡಿಯಾಯಿತು.

ಯಂಕಣ್ಣ ಎದ್ದು ಬಂದು ಕೈಮುಗಿದ. ಬಾಷುಮಿಯಾ ಕರಗಲಿಲ್ಲ. "ಕೈ ಮುಗದ್ರ ಆಗಲಿಲ್ಲಪ. ನಾ ಕಳ್ಳ ಅಂತ ಸುದ್ದಿ ಸುರಪುರ ಮುಟ್ಟ್ಯಾದ. ನೀನೇ ನನ್ನ ಅಂಗಡಿ ಮುಂದ ನಿಂತು ಎಲ್ಲಾರಿಗಿ ಹೇಳಬೇಕು."

"ಹೇಳ್ತೀನಿ," ಎಂದ ಯಂಕಣ್ಣ.

ಬಂದೂಕು ಕಳೆದದ್ದನ್ನು ಮುಚ್ಚಿಟ್ಟದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಕೇಸು ಆಗುವುದೆಂದು ಸಪ್ನಾ ಬರೆದುಕೊಂಡಳು. ಆಮೇಲೆ ಅವಳ ಕಣ್ಣು ಮೇಜಿನ ಮೇಲಿನ ಇನ್ನೊಂದು ಬಂದೂಕಿನತ್ತ ಹೋಯಿತು. ಎಲ್ಲರೂ ಅತ್ತಲೇ ನೋಡಿದರು. ಈಗ ಊರಿನಲ್ಲಿ ಬಂದೂಕು ಇರುವುದು ಒಬ್ಬನ ಹತ್ತಿರವೇ.

"ಕೊಡಬ್ಯಾಡೋ ಪ್ರವೀಣ! ಅವನದ ಇಲ್ಲಂದಮ್ಯಾಲ ನೀ ಯಾಕ ಕೊಡ್ತಿ? ಮಾತು ಮುರೀತು!" ಎಂದು ಅವನ ಕಡೆಯವರು ಹಿಂದಿನಿಂದ ಕೂಗಿದರು. ಬುದ್ಧಪ್ರಿಯ ಬೇಗಂ ಮುಖ ನೋಡಿದ. ಅವರ ಹತ್ತಿರ ಇನ್ನು ಯಾವ ಉಪಾಯವೂ ಉಳಿದಿರಲಿಲ್ಲ.

ಪ್ರವೀಣಕುಮಾರ ಬಂದೂಕು ಎತ್ತಿಕೊಂಡ. "ಎರಡು ವರ್ಷ ಆತು ಕಾಕಾ, ನನ್ನ ಮಕ್ಕಳನ್ನ ಅಂಗಳದಾಗ ಆಡಾಕ ಬಿಟ್ಟಿಲ್ಲ, ನಿನ್ನ ಬಂದೂಕಿಗಿ ಅಂಜಿ. ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನಿಂದು ಕೊಡ್ತಿದ್ದೇನು?"

ಪ್ರವೀಣಕುಮಾರ ಯೋಚಿಸಿದ. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

"ಇಲ್ಲ, ಕೊಡ್ತಿದ್ದಿಲ್ಲ. ಇವತ್ತ ಕೊಡಾಕತ್ತೇನಿ," ಎಂದು ಬಂದೂಕನ್ನು ಸಪ್ನಾಳ ಕೈಗಿಟ್ಟ.